ಊರೊಳಗೆ ಸರಿ, ಊರಾಚೆ ತಪ್ಪು: ಒಂದು ಬೋರ್‌ವೆಲ್ ಲೇಯರ್‌ನ ಪ್ರಕರಣ

ಕೋಲಾರ ಜಿಲ್ಲೆಯ ಪೂರ್ವಕ್ಕಿರುವ ಒಂದು ತಾಲೂಕು. ಅಲ್ಲಿನ ರೈತರೊಬ್ಬರು ತಮ್ಮ ಜಮೀನಿನಲ್ಲಿ ಬೋರ್‌ವೆಲ್ ಕೊರೆಸಲು ಅರ್ಜಿ ಹಾಕಿದ್ದರು. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ಕರ್ನಾಟಕದಲ್ಲಿ 1999ರ ಕಾಯ್ದೆಯೊಂದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವ ಹಾಗಿಲ್ಲ ಅನ್ನುತ್ತದೆ ಅದು. ಹಾಗಾಗಿ ಇಂಥ ಅರ್ಜಿ ಬಂದರೆ ಕಚೇರಿಯವರು ಮೊದಲು ಕೇಳುವುದು, ದೂರ ಎಷ್ಟು? ಅದನ್ನು ನಕ್ಷೆ ನೋಡಿ ಹೇಳುವುದು ನಮ್ಮ ಕೆಲಸ. ನಾನಿರುವುದು ಬೆಂಗಳೂರಿನ ಒಂದು ಸಣ್ಣ ಜಿಐಎಸ್ ಕಂಪನಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕಂಪನಿಯಲ್ಲಿ. ಆ ತಾಲೂಕಿನ ನೀರಿನ ಮೂಲಗಳ ಲೇಯರನ್ನು, ಅಂದರೆ ನಕ್ಷೆಯ ಮೇಲೆ ಹಾಸುವ ಬಿಂದುಗಳ ಪದರವನ್ನು, ನೋಡಿಕೊಳ್ಳುವ ಗುತ್ತಿಗೆ ನಮ್ಮದು. ಪಂಚಾಯ್ತಿ ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕ್, ಮಿನಿ ಟ್ಯಾಂಕ್ ಎಲ್ಲ ಸೇರಿ 615 ಬಿಂದುಗಳು.

ಪಂಚಾಯ್ತಿ ಬೋರ್‌ವೆಲ್ ಸುತ್ತ 500 ಮೀಟರ್ ವೃತ್ತ ಎಳೆದೆವು. ರೈತರ ಜಾಗ ಒಳಗೆ ಬಿತ್ತು. 398 ಮೀಟರ್. ಎರಡು ನಿಮಿಷದ ಕೆಲಸ. ಕಾಗದ ಕಳಿಸಿ ಮರೆತುಬಿಟ್ಟೆವು.

ಎರಡು ವಾರ ಕಳೆದಿತ್ತು. ನಾನು ತಾಲೂಕು ಕಚೇರಿಗೆ ಬೇರೆ ಕೆಲಸಕ್ಕೆ ಹೋಗಿದ್ದಾಗ ಆ ರೈತರು ಅಲ್ಲೇ ಸಿಕ್ಕರು. ಜಗಳಕ್ಕೆ ಬಂದವರಲ್ಲ, ಕೇಳಲು ಬಂದವರು. ನಾನು ಲ್ಯಾಪ್‌ಟಾಪ್ ತೆಗೆದು ಉಪಗ್ರಹ ಚಿತ್ರದ ಮೇಲೆ ಬಿಂದು ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಪರದೆ ಮೇಲೆ ಬೆರಳಿಟ್ಟು, "ಸಾರ್, ಇದು ಕೆರೆ ಏರಿ. ಇಲ್ಲಿ ಯಾವ ಬೋರೂ ಇಲ್ಲ. ನಮ್ಮೂರ ಬೋರು ಶಾಲೆ ಹಿಂದೆ ಇರೋದು. ನೀವು ಅದನ್ನ ಎತ್ಕೊಂಡು ಬಂದು ಏರಿ ಮೇಲೆ ಇಟ್ಟಿದ್ದೀರಲ್ಲಾ" ಅಂದರು.

ಬೋರ್‌ವೆಲ್ ಕೆರೆ ಏರಿ ಹತ್ತಿರ ಕಂಡರೆ ನಮಗೆ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಕೋಲಾರದ ಕಡೆ ಕೆರೆ ಅಂಗಳದಲ್ಲೇ ಪಂಚಾಯ್ತಿಯವರು ಬೋರ್ ಹಾಕಿಸುವುದು ಮಾಮೂಲು. ತಪ್ಪು ಬಿಂದು ಹೋಗಿ ನಂಬುವಂಥ ಜಾಗದಲ್ಲೇ ಕೂತಿತ್ತು.

ಮಾರನೇ ದಿನ ಬೆಳಿಗ್ಗೆ ಆ ಹಳ್ಳಿಗೆ ಹೋದೆ. ತಾಲೂಕು ಕೇಂದ್ರದಿಂದ ಉತ್ತರಕ್ಕೆ 9 ಕಿಲೋಮೀಟರ್. ನೀರುಗಂಟಿ ಜೊತೆಗೆ ಬಂದರು. ಬೋರ್‌ವೆಲ್ ಶಾಲೆ ಹಿಂದೆಯೇ ಇತ್ತು. ಪಕ್ಕದಲ್ಲಿ ಸ್ಟಾರ್ಟರ್ ಪೆಟ್ಟಿಗೆ, ಅದರ ಮೇಲೆ ಸುಣ್ಣದಲ್ಲಿ ಬರೆದ ನಂಬರ್. ಅಲ್ಲಿಂದ ರೈತರ ಜಾಗಕ್ಕೆ ನೇರ ದೂರ 612 ಮೀಟರ್. ನಮ್ಮ ನಕ್ಷೆ 214 ಮೀಟರ್ ಸುಳ್ಳು ಹೇಳಿತ್ತು. ಬಯಲಿನಲ್ಲಿ ನಿಂತರೆ ಮೊಬೈಲ್‌ನ ಜಿಪಿಎಸ್ಸೇ ನಾಲ್ಕೈದು ಮೀಟರ್ ಹೆಚ್ಚುಕಮ್ಮಿಯಲ್ಲಿ ಜಾಗ ತೋರಿಸುತ್ತದೆ. ಇನ್ನೂರು ಮೀಟರ್ ತಪ್ಪನ್ನು ಅದರ ತಲೆಗೆ ಕಟ್ಟುವ ಹಾಗಿರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಹೊತ್ತಿಗೆ ನನ್ನ ಯೋಚನೆ ತುಂಬಾ ಸಣ್ಣದು. ಬಿಂದುವನ್ನು ಹಿಡಿದು ಶಾಲೆ ಹಿಂದಕ್ಕೆ ಎಳೆದು, ಸೇವ್ ಮಾಡಿ, ತಿದ್ದುಪಡಿ ಕಾಗದ ಕೊಟ್ಟು ಮುಗಿಸೋಣ ಅಂತಿದ್ದೆ. ನೀರುಗಂಟಿ ತಡೆದರು. ತಡೆಯಬೇಕು ಅಂತ ಅಲ್ಲ, ಸುಮ್ನೆ ಕುತೂಹಲಕ್ಕೆ ಕೇಳಿದರು: "ಪಕ್ಕದ ಹಳ್ಳೀದು ಎಲ್ಲಿ ತೋರಿಸ್ತದೆ ಸಾರ್, ನೋಡಿ." ನೋಡಿದೆ. ಅದೂ ಇನ್ನೂರು ಚಿಲ್ಲರೆ ಮೀಟರ್ ಪೂರ್ವಕ್ಕೆ ಹೋಗಿತ್ತು.

ಬಾಣಗಳು

ಎರಡು ದಿನ ಬೈಕಿನಲ್ಲಿ ತಾಲೂಕು ಸುತ್ತಿದೆ. ಹನ್ನೆರಡು ಬೋರ್‌ವೆಲ್‌ಗಳ ಹತ್ತಿರ ನಿಂತು ಅಳೆದೆ. ಪೇಟೆಯೊಳಗೆ ತಪ್ಪು ನಾಲ್ಕೈದು ಮೀಟರ್, ಅಂದರೆ ತಪ್ಪೇ ಇಲ್ಲ ಅನ್ನಬಹುದು. 3 ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ 70 ಮೀಟರ್. 13 ಕಿಲೋಮೀಟರ್ ದೂರದ ಗಡಿ ಹಳ್ಳಿಯಲ್ಲಿ 310. ಊರಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತಿತ್ತು, ಕಿಲೋಮೀಟರಿಗೆ ಸುಮಾರು 24 ಮೀಟರ್ ಲೆಕ್ಕದಲ್ಲಿ.

ಒಂದು ಟೀ ಅಂಗಡಿಯಲ್ಲಿ ಕೂತು, ಹಾಳೆ ಮೇಲೆ ಪ್ರತಿ ಹಳ್ಳಿಗೂ ಒಂದು ಬಾಣ ಬರೆದೆ. ನಿಜವಾದ ಜಾಗದಿಂದ ನಕ್ಷೆ ತೋರಿಸುವ ಜಾಗಕ್ಕೆ. ಉತ್ತರದ ಹಳ್ಳಿಗಳು ಪೂರ್ವಕ್ಕೆ ಸರಿದಿದ್ದವು. ಪೂರ್ವದವು ದಕ್ಷಿಣಕ್ಕೆ. ದಕ್ಷಿಣದವು ಪಶ್ಚಿಮಕ್ಕೆ. ಪಶ್ಚಿಮದವು ಉತ್ತರಕ್ಕೆ. ಗಾಣದ ಎತ್ತು ಸುತ್ತುವ ಹಾಗೆ ಬಾಣಗಳೆಲ್ಲ ಒಂದು ಕಂಬದ ಸುತ್ತ ಓಡುತ್ತಿದ್ದವು. ಆ ಕಂಬ ಯಾವುದು ಅಂತ ನೋಡಿದರೆ ಪೇಟೆ ನಡುವಿನ ದೊಡ್ಡ ಓವರ್‌ಹೆಡ್ ಟ್ಯಾಂಕ್.

ಈ ಹಾಳೆಯಿಂದ ಆದ ಉಪಕಾರ ಇಷ್ಟು. ಬಾಣಗಳು ಮನಸ್ಸಿಗೆ ಬಂದ ಕಡೆ ಹೋಗಿದ್ದರೆ, ಸರ್ವೆಗೆ ಹೋದ ಹುಡುಗರು ಮರದ ನೆರಳಿನಲ್ಲಿ ನಿಂತು ಪಾಯಿಂಟ್ ಹಾಕಿದ್ದಾರೆ ಅನ್ನಬಹುದಿತ್ತು. ಎಲ್ಲ ಬಾಣವೂ ಒಂದೇ ದಿಕ್ಕಿಗೆ, ಒಂದೇ ಉದ್ದ ಇದ್ದಿದ್ದರೆ ಡೇಟಮ್ ತಪ್ಪು, ಅಂದರೆ ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕವೇ ಬೇರೆಯಾಗಿರುವ ತಪ್ಪು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು ಎವರೆಸ್ಟ್ ಲೆಕ್ಕದಲ್ಲಿವೆ. ಜಿಪಿಎಸ್ ನಡೆಯುವುದು ಡಬ್ಲ್ಯೂಜಿಎಸ್ 84 ಲೆಕ್ಕದಲ್ಲಿ. ಎರಡನ್ನೂ ಬೆರೆಸಿದರೆ ನಮ್ಮ ಕಡೆ ಇಡೀ ನಕ್ಷೆ ನೂರು ಮೀಟರಿಗೂ ಜಾಸ್ತಿ ಒಂದೇ ಕಡೆ ಜರುಗುತ್ತದೆ. ಇಲ್ಲಿ ಆಗಿದ್ದು ಅದೂ ಅಲ್ಲ. ಇಡೀ ಹಾಳೆಗೆ ಯಾರೋ ಟ್ಯಾಂಕಿನ ಹತ್ತಿರ ಒಂದು ಮೊಳೆ ಹೊಡೆದು, ಸ್ವಲ್ಪ ತಿರುಗಿಸಿದ ಹಾಗಿತ್ತು. ಲೆಕ್ಕ ಹಾಕಿದೆ. 1.36 ಡಿಗ್ರಿ.

ಆ ಅಂಕೆ ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

78 ಡಿಗ್ರಿ ಗೆರೆ

ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು ಕಿತ್ತಳೆ ಹಣ್ಣಿನ ಹಾಗೆ 60 ತೊಳೆ ಮಾಡುತ್ತಾರೆ. ಒಂದೊಂದು ತೊಳೆ 6 ಡಿಗ್ರಿ ಅಗಲ. ಪ್ರತಿ ತೊಳೆಯ ಸಿಪ್ಪೆಯನ್ನೂ ಬೇರೆ ಬೇರೆಯಾಗಿ ಚಪ್ಪಟೆ ಮಾಡಿ, ಮೀಟರಿನಲ್ಲಿ ಅಳೆಯುತ್ತಾರೆ. ರೇಖಾಂಶ 72ರಿಂದ 78ರ ತನಕ ಝೋನ್ 43. 78ರಿಂದ 84ರ ತನಕ ಝೋನ್ 44. ಕರ್ನಾಟಕದ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳೂ 43ರಲ್ಲಿವೆ. ಆದರೆ ಆ 78ರ ಗೆರೆ ಕೋಲಾರ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು ಪೇಟೆ ಗೆರೆಯ ಈಚೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಕೆಜಿಎಫ್ ಗೆರೆಯ ಆಚೆ. ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವವರಿಗೆ 43 ಅನ್ನುವುದು ಬಾಯಿಪಾಠ. ಕೋಲಾರಕ್ಕೆ ಬಂದಾಗ ಅದೇ ಬಾಯಿಪಾಠ ಕೈಕೊಡುತ್ತದೆ.

ಎರಡು ತೊಳೆಗಳ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ಇಟ್ಟರೆ, ಒಂದರ ಉತ್ತರ ಇನ್ನೊಂದರ ಉತ್ತರಕ್ಕೆ ಹೊಂದುವುದಿಲ್ಲ. ಗಡಿಯ ಹತ್ತಿರ ಎರಡೂ ಒಂದಕ್ಕೊಂದು ಓರೆ. ನಮ್ಮ ಅಕ್ಷಾಂಶದಲ್ಲಿ ಆ ಓರೆ 1.36 ಡಿಗ್ರಿ. ಅದೇ ಅಂಕೆ.

ಎರಡು ವರ್ಷದ ಹಿಂದಿನ ಮಾತು. ಹಿಂದಿನ ಗುತ್ತಿಗೆದಾರರಿಂದ ಈ ಲೇಯರ್ ನಮಗೆ ಶೇಪ್‌ಫೈಲ್ ರೂಪದಲ್ಲಿ ಬಂತು. ಶೇಪ್‌ಫೈಲ್ ಅಂದರೆ ಒಂದು ಫೈಲ್ ಅಲ್ಲ, ಒಂದು ಕುಟುಂಬ. ಆಕಾರಕ್ಕೆ ಒಂದು, ಸೂಚಿಗೆ ಒಂದು, ಪಟ್ಟಿಗೆ ಒಂದು. ಜೊತೆಗೆ ಪಿಆರ್‌ಜೆ ಅಂತ ಪುಟ್ಟದೊಂದು ಫೈಲ್ ಇರಬೇಕು. ಈ ಅಂಕೆಗಳು ಯಾವ ಲೆಕ್ಕದವು ಅಂತ ಹೇಳುವುದು ಅದು. ನಮಗೆ ಬಂದ ಜಿಪ್‌ನಲ್ಲಿ ಅದೇ ಇರಲಿಲ್ಲ. ನಮ್ಮ ಹುಡುಗ ಕ್ಯೂಜಿಐಎಸ್‌ನಲ್ಲಿ ತೆರೆದಾಗ ಸಾಫ್ಟ್‌ವೇರ್ ಕೇಳಿತು, ಇದು ಯಾವ ಪದ್ಧತಿ? ಅವನು ಅಭ್ಯಾಸದ ಮೇಲೆ 43 ಅಂದ.

ಫೈಲ್ ಇದ್ದದ್ದು 44ರಲ್ಲಿ. ತಾಲೂಕಿನ ಬೋರ್‌ವೆಲ್‌ಗಳೆಲ್ಲ ಹೋಗಿ ಅರಬ್ಬಿ ಸಮುದ್ರದಲ್ಲಿ ಬಿದ್ದವು. ಮಂಗಳೂರಿನಿಂದ ಪಶ್ಚಿಮಕ್ಕೆ ಇನ್ನೂರೈವತ್ತು ಕಿಲೋಮೀಟರಿಗೂ ಆಚೆ. ಆಫೀಸೆಲ್ಲ ನಕ್ಕಿತು. ಬರಗಾಲದ ಜಿಲ್ಲೆಗೆ ಕೊನೆಗೂ ನೀರು ಸಿಕ್ಕಿತು ಅಂತ ಯಾರೋ ಅಂದ ನೆನಪು.

ಆಗ ಮಾಡಬೇಕಿದ್ದದ್ದು ಎರಡು ಹೆಜ್ಜೆ. ಮೊದಲು ಫೈಲಿಗೆ ಅದರ ನಿಜವಾದ ಹೆಸರು ಕೊಡಬೇಕು, ಅಂದರೆ ಝೋನ್ 44ರ ಕೋಡ್ ಆದ ಇಪಿಎಸ್‌ಜಿ 32644. ಆಮೇಲೆ ಲೆಕ್ಕ ಹಾಕಿಸಿ ಝೋನ್ 43ರ ಕೋಡ್ ಆದ 32643ಕ್ಕೆ ರೀಪ್ರಾಜೆಕ್ಟ್ ಮಾಡಬೇಕು. ಹೊಸಬರು ಎಡವುವುದು ಇಲ್ಲೇ. ಹೆಸರು ಬದಲಿಸುವುದು ಬೇರೆ, ಲೆಕ್ಕ ಬದಲಿಸುವುದು ಬೇರೆ. ಕಾಗದದಲ್ಲಿ 5 ಸೆಂಟ್ ಅಂತಿದ್ದದ್ದನ್ನು ಹೊಡೆದುಹಾಕಿ 5 ಗುಂಟೆ ಅಂತ ಬರೆದರೆ ಜಮೀನು ದೊಡ್ಡದಾಗುತ್ತದಾ? ಎಕರೆಗೆ 100 ಸೆಂಟ್, 40 ಗುಂಟೆ. 5 ಸೆಂಟಿಗೆ 2 ಗುಂಟೆ ಅಂತ ಲೆಕ್ಕ ಮಾಡಿ ಬರೆಯಬೇಕು. ರೀಪ್ರಾಜೆಕ್ಟ್ ಅಂದರೆ ಆ ಲೆಕ್ಕ.

ಹುಡುಗ ಈ ಎರಡರಲ್ಲಿ ಯಾವುದನ್ನೂ ಮಾಡಲಿಲ್ಲ. ಇಡೀ ಲೇಯರನ್ನು ಸೆಲೆಕ್ಟ್ ಮಾಡಿ, ಪೇಟೆಯ ಟ್ಯಾಂಕಿನ ಬಿಂದು ಉಪಗ್ರಹ ಚಿತ್ರದಲ್ಲಿರುವ ಟ್ಯಾಂಕಿನ ಮೇಲೆ ಸರಿಯಾಗಿ ಕೂರುವ ತನಕ ಜರುಗಿಸಿದ. ಪೂರ್ವಕ್ಕೆ ಆರೂವರೆ ಲಕ್ಷ ಮೀಟರ್, ಉತ್ತರಕ್ಕೆ ಏಳುನೂರು ಚಿಲ್ಲರೆ ಮೀಟರ್. ಟ್ಯಾಂಕ್ ಟ್ಯಾಂಕಿನ ಮೇಲೆ ಕೂತಿತು. ಓರೆ ಹಾಗೇ ಉಳಿಯಿತು.

ಇನ್ನು ಅವನನ್ನು ಬೈಯುವ ಮೊದಲು ನನ್ನ ಪಾಲು ಹೇಳಿಬಿಡುತ್ತೇನೆ. ಆ ಕೆಲಸ ಪರಿಶೀಲಿಸಿ ಓಕೆ ಅಂದದ್ದು ನಾನೇ. ಐದು ಬಿಂದು ನೋಡಿದ್ದೆ. ಐದೂ ಪೇಟೆಯೊಳಗಿನವು. ಪೇಟೆಯಲ್ಲಿ ಗುರುತು ಹಿಡಿಯಲು ಸುಲಭ: ಬಸ್ ಸ್ಟ್ಯಾಂಡ್, ಸಂತೆ ಮೈದಾನ, ಆಸ್ಪತ್ರೆ. ಎಲ್ಲ ಸರಿ ಕಂಡಿತು. ಲೇಯರ್ ಸಮುದ್ರದಲ್ಲೇ ಉಳಿದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅದನ್ನು ನೋಡಿ ಯಾರೂ ಮೋಸ ಹೋಗುತ್ತಿರಲಿಲ್ಲ.

ಮೂರು ರಾಶಿ

ಕಾರಣ ಸಿಕ್ಕಿತು, ಇನ್ನೇನು, ಹಿಂದಕ್ಕೆ ತಿರುಗಿಸಿದರೆ ಆಯಿತು ಅಂದುಕೊಂಡೆವು. ಆಗಲಿಲ್ಲ. ಎರಡು ವರ್ಷದಲ್ಲಿ ಅದೇ ಲೇಯರಿಗೆ ಹೊಸ ಬಿಂದುಗಳು ಸೇರಿದ್ದವು. ಅವು ಮೊಬೈಲ್ ಆಪ್‌ನಿಂದ ಅಕ್ಷಾಂಶ-ರೇಖಾಂಶದಲ್ಲಿ ಬಂದವು, ಹಾಗಾಗಿ ಸರಿ ಜಾಗದಲ್ಲೇ ಇದ್ದವು. ಒಟ್ಟಿಗೆ ತಿರುಗಿಸಿದರೆ ಹಳೆಯವು ಸರಿಯಾಗಿ, ಹೊಸವು ಕೆಡುತ್ತವೆ. ಇನ್ನು ಕೆಲವನ್ನು ನಮ್ಮವರೇ ಆಗಾಗ ಕೈಯಿಂದ ಎಳೆದು ಕೂರಿಸಿದ್ದರು. ನಾನು ಶಾಲೆ ಹಿಂದಕ್ಕೆ ಎಳೆಯಲು ಹೊರಟಿದ್ದೆನಲ್ಲ, ಹಾಗೇ. ಯಾವುದು ಹಳೆಯದು, ಯಾವುದು ಹೊಸದು, ಯಾವುದನ್ನು ಯಾರು ಎಳೆದರು ಅಂತ ಹೇಳುವ ಒಂದು ಕಾಲಂ ಕೂಡ ಪಟ್ಟಿಯಲ್ಲಿ ಇರಲಿಲ್ಲ.

ಫೋಲ್ಡರ್ ನೋಡಿದರೆ ಇನ್ನೂ ಚೆಂದ. ಬೋರ್‌ವೆಲ್_ಫೈನಲ್. ಬೋರ್‌ವೆಲ್_ಫೈನಲ್_ನ್ಯೂ. ಬೋರ್‌ವೆಲ್_ಫೈನಲ್_ನ್ಯೂ_ಓಕೆ. ಕಡೆಯದರ ಒಳಗೆ "ಇದೇ ತಗೊಳ್ಳಿ" ಅಂತ ಇನ್ನೊಂದು ಫೋಲ್ಡರ್. ಇವುಗಳಲ್ಲಿ ಮೂಲ ಫೈಲ್ ಇರಲಿಲ್ಲ, ಅದರ ಮೇಲೇ ಸೇವ್ ಆಗಿತ್ತು. ನಮ್ಮ ಅದೃಷ್ಟಕ್ಕೆ ಅದು ಬಂದಿದ್ದ ಇಮೇಲ್ ಇನ್ನೂ ಒಬ್ಬರ ಇನ್‌ಬಾಕ್ಸ್‌ನಲ್ಲಿತ್ತು. ಜಿಪ್ ಮತ್ತೆ ಇಳಿಸಿಕೊಂಡೆವು.

ಆಮೇಲೆ ಮಾಡಿದ ಕೆಲಸ ನನಗೆ ಈ ಇಡೀ ಪ್ರಕರಣದಲ್ಲಿ ಇಷ್ಟವಾದ ಭಾಗ. ಮೂಲ ಫೈಲಿನಿಂದ ಎರಡು ನಕಲು ಮಾಡಿದೆವು. ಒಂದನ್ನು ಸರಿಯಾದ ದಾರಿಯಲ್ಲಿ 43ಕ್ಕೆ ತಂದೆವು. ಇನ್ನೊಂದಕ್ಕೆ ಹುಡುಗ ಮಾಡಿದ ತಪ್ಪನ್ನೇ ಬೇಕಂತ ಮತ್ತೆ ಮಾಡಿದೆವು. ಎಷ್ಟು ಜರುಗಿಸಿದ್ದ ಅಂತ ಅವನಿಗೆ ನೆನಪಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈಗಿನ ಲೇಯರಿನ ಕೋಆರ್ಡಿನೇಟಿನಿಂದ (ಜಾಗ ಹೇಳುವ ಅಂಕೆಗಳಿಂದ) ಮೂಲದ್ದನ್ನು ಕಳೆದರೆ, ಮುಟ್ಟದೆ ಬಿಟ್ಟ ಬಿಂದುಗಳಿಗೆಲ್ಲ ಒಂದೇ ಉತ್ತರ ಬರುತ್ತಿತ್ತು. ಮಿಲಿಮೀಟರ್ ತನಕ ಒಂದೇ. ಕಳ್ಳನ ಹೆಜ್ಜೆ ಗುರುತು ಅಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ.

ಈಗ ಸೋಸುವುದು ಸುಲಭವಾಯಿತು. ತಪ್ಪು ನಕಲಿನ ಮೇಲೆ ಕರಾರುವಾಕ್ಕಾಗಿ ಕೂರುವ 431 ಬಿಂದುಗಳು ಮೊದಲ ರಾಶಿ. ಅವನ್ನು ತೆಗೆದು ಸರಿ ನಕಲಿನವನ್ನು ಇಟ್ಟೆವು. ಮೂಲದಲ್ಲಿ ಜೋಡಿಯೇ ಇಲ್ಲದ 126 ಹೊಸವು. ಅವನ್ನು ಮುಟ್ಟಲಿಲ್ಲ. ಜೋಡಿ ಇದ್ದೂ ಎರಡು ನಕಲಿಗೂ ಹೊಂದದ 58 ಉಳಿದವು. ಕೈಯಿಂದ ಎಳೆದವು ಇವೇ. ಇವಕ್ಕೆ ಕಂಪ್ಯೂಟರ್ ಹತ್ತಿರ ಉತ್ತರ ಇಲ್ಲ. ಎಳೆದವರು ಚಿತ್ರ ನೋಡಿ ಸರಿಯಾಗಿ ಕೂರಿಸಿರಬಹುದು, ಪಂಪ್‌ಹೌಸ್ ಅಂದುಕೊಂಡು ಯಾರದೋ ದನದ ಕೊಟ್ಟಿಗೆ ಮೇಲೂ ಇಟ್ಟಿರಬಹುದು. ಇಟ್ಟಿದ್ದರು ಕೂಡ.

ಆ 58ಕ್ಕೆ ನೀರುಗಂಟಿಗಳೇ ಗತಿ. ಪಟ್ಟಿ ಪ್ರಿಂಟ್ ಮಾಡೋಣ ಅಂದರೆ ಅಲ್ಲೊಂದು ತೊಡಕು. ಹಳೆಯ ಪಟ್ಟಿಯಲ್ಲಿ ಊರಿನ ಹೆಸರುಗಳನ್ನು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ನಮ್ಮ ಪರದೆಯಲ್ಲಿ ಅವೆಲ್ಲ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು. ಪರಿವರ್ತಕಕ್ಕೆ ಹಾಕಿ ಓದುವ ಹಾಗೆ ಮಾಡಿದ ಮೇಲೆ ಗೊತ್ತಾಯಿತು, ಹೊಸಹಳ್ಳಿ ಅನ್ನುವ ಊರು ಅದೊಂದೇ ತಾಲೂಕಿನಲ್ಲಿ ಒಂದಕ್ಕಿಂತ ಜಾಸ್ತಿ ಇವೆ. ಅಲ್ಲಿಂದ ಹೆಸರಿನ ಮೇಲೆ ಜೋಡಿಸುವುದನ್ನು ಬಿಟ್ಟೆವು. ಈಗ ಜನಗಣತಿಯ ಗ್ರಾಮ ಕೋಡ್ ಮೇಲೆಯೇ ಎಲ್ಲ.

ಕೊಟ್ಟ ಕಾಗದಗಳು

ಡೇಟಾ ಸರಿಯಾಯಿತು. ಡೇಟಾ ನೋಡಿ ಹೇಳಿದ್ದ ಮಾತುಗಳ ಗತಿ ಏನು? ಎರಡು ವರ್ಷದಲ್ಲಿ ಈ ಲೇಯರ್ ನೋಡಿ ನಾವು 23 ಅರ್ಜಿಗಳಿಗೆ ದೂರ ಬರೆದುಕೊಟ್ಟಿದ್ದೆವು. ನಮ್ಮ ಬಾಸ್ ಕೇಳಿದರು, "ಸುಮ್ನೆ ಹೊಸ ಲೇಯರ್ ಕಳಿಸಿದ್ರೆ ಆಗಲ್ವಾ? ಯಾರು ಕೇಳ್ತಾರೆ ಹಳೇದನ್ನ?" ಅವರ ಸಂಕಟ ನನಗೆ ಅರ್ಥವಾಗುತ್ತದೆ. ಗುತ್ತಿಗೆ ಮುಂದುವರಿಸುವ ತಿಂಗಳು ಅದು. ಆದರೂ 23ನ್ನೂ ಮತ್ತೆ ಅಳೆದೆವು. ಇಪ್ಪತ್ತರಲ್ಲಿ ಅಂಕೆ ಬದಲಾದರೂ ಉತ್ತರ ಬದಲಾಗಲಿಲ್ಲ. ಎರಡು ಒಳಗಿನಿಂದ ಹೊರಗೆ ಬಂದವು. ಅದರಲ್ಲಿ ಒಂದು ನಮ್ಮ ರೈತರದು. ಒಂದು ಹೊರಗಿನಿಂದ ಒಳಗೆ ಹೋಯಿತು. ಅಂದರೆ 500 ಮೀಟರ್ ಒಳಗಿದ್ದ ಜಾಗವನ್ನು ನಾವು ಹೊರಗಿದೆ ಅಂದಿದ್ದೆವು, ಅಲ್ಲಿ ಬೋರ್ ಕೊರೆದೂ ಆಗಿತ್ತು.

ಆ ಒಂದನ್ನು ಕಾಗದದಲ್ಲಿ ಬರೆಯುವಾಗ ಕೈ ನಡುಗಿತು. ತಪ್ಪು ನಮ್ಮದು, ಕಾರಣ ಇದು, ಸರಿಯಾದ ದೂರ ಇಷ್ಟು, ಅಂತ ಮೂರೇ ಸಾಲು ಬರೆದೆವು. ಕಚೇರಿಯ ಅಧಿಕಾರಿ ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಝೋನ್ ಗೀನ್ ಎಲ್ಲ ನನಗೆ ಬೇಡ, ಇನ್ಮೇಲೆ ಆ ದೂರದ ಪಕ್ಕ ಹೇಗೆ ಅಳೆದ್ರಿ ಅಂತ ಬರೆದು ಕೊಡಿ" ಅಂದರು. ನಿಜ ಹೇಳಬೇಕಂದರೆ ಈ ಪ್ರಕರಣದಲ್ಲಿ ಬಂದ ಒಳ್ಳೆಯ ಸಲಹೆ ಅದೇ.

ಈಗ ನಮ್ಮಲ್ಲಿ ಲೇಯರ್ ಜಿಯೋಪ್ಯಾಕೇಜ್ ಅನ್ನುವ ಒಂದೇ ಫೈಲಿನಲ್ಲಿದೆ. ಕೋಆರ್ಡಿನೇಟ್ ಪದ್ಧತಿ ಅದರ ಒಳಗೇ ಕೂತಿರುತ್ತದೆ, ಇಮೇಲ್‌ನಲ್ಲಿ ಕಳೆದುಹೋಗುವ ಪುಟ್ಟ ಫೈಲಿನ ಕಾಟ ಇಲ್ಲ. ಶೇಪ್‌ಫೈಲಿನಲ್ಲಿ ಕಾಲಂ ಹೆಸರು ಹತ್ತೇ ಅಕ್ಷರಕ್ಕೆ ಕತ್ತರಿಸಿಹೋಗುತ್ತಿತ್ತು, ಅದೂ ತಪ್ಪಿತು. ಪ್ರತಿ ಬಿಂದುವಿಗೂ ಯಾರು, ಯಾವತ್ತು, ಯಾವುದರಿಂದ ಅಳೆದರು ಅನ್ನುವ ಕಾಲಂ ಇದೆ. ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ. ಎಳೆದು ಕೂರಿಸುವ ಹಕ್ಕು ಇಬ್ಬರಿಗೆ ಮಾತ್ರ. ಬಂದ ಮೂಲ ಫೈಲನ್ನು ಬರೆಯಲಾಗದ ಫೋಲ್ಡರಿನಲ್ಲಿ ಹಾಕಿ ಬೀಗ. ನನ್ನ ಹನ್ನೆರಡು ಬೋರ್‌ವೆಲ್‌ಗಳು ಈಗ ಪರೀಕ್ಷೆಯ ಬಿಂದುಗಳು. ಎಂಟು ತಾಲೂಕಿನ ಗಡಿ ಹಳ್ಳಿಗಳಲ್ಲಿ, ನಾಲ್ಕೂ ದಿಕ್ಕಿಗೆ ಹಂಚಿಕೊಂಡಿವೆ. ಪೇಟೆಯಲ್ಲಿ ಒಂದೇ ಒಂದು. ಲೇಯರ್ ಹೊರಗೆ ಹೋಗುವ ಮುಂಚೆ ಆ ಹನ್ನೆರಡೂ ಸರಿಯಾಗಿ ಕೂರಬೇಕು.

ಹುಡುಗ ನಮ್ಮಲ್ಲೇ ಇದ್ದಾನೆ. ಪರೀಕ್ಷೆಯ ಬಿಂದುಗಳನ್ನು ನೋಡಿಕೊಳ್ಳುವುದು ಈಗ ಅವನ ಕೆಲಸ, ನನಗಿಂತ ಕಟ್ಟುನಿಟ್ಟು.

58ರಲ್ಲಿ 49 ಬಗೆಹರಿದವು. ಒಂಬತ್ತು ಉಳಿದಿವೆ. ಅದರಲ್ಲಿ ಎರಡು ಬೋರ್‌ವೆಲ್‌ಗಳ ಮೇಲೆ ರಸ್ತೆ ಬಂದಿದೆ ಅಂತ ನೀರುಗಂಟಿ ಹೇಳುತ್ತಾರೆ. ಇನ್ನೊಂದರ ಜಾಗ ಗೊತ್ತಿದ್ದವರು ನಿವೃತ್ತರಾಗಿ ಮಗಳ ಊರಿಗೆ ಹೋಗಿದ್ದಾರಂತೆ. ಆ ಒಂಬತ್ತರ ಎದುರು "ಸ್ಥಳ ನೋಡಬೇಕು" ಅಂತ ಬರೆದಿದೆ, ನಕ್ಷೆಯಲ್ಲಿ ಬೂದು ಬಣ್ಣದಲ್ಲಿ ಕಾಣುತ್ತವೆ.

ರೈತರಿಗೆ ಅನುಮತಿ ಸಿಕ್ಕಿತು. ಸಾವಿರದ ಇನ್ನೂರು ಅಡಿಗೆ ಎರಡು ಇಂಚು ನೀರು ಬಿತ್ತಂತೆ. ಫೋನ್ ಮಾಡಿ ಹೇಳಿದರು. ಫೋನ್ ಇಡುವ ಮುಂಚೆ, "ಏರಿ ಮೇಲಿದ್ದ ಬೋರ್ ತೆಗೆದ್ರಾ ಸಾರ್?" ಅಂತ ಕೇಳಿದರು.